ಸೀನಿಯರ್ ಪಾಸಾಗಿದೆ, ಪಾಠ ಹೇಳಿ ಗೊತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮದುವೆಗೆ ಮೊದಲು ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸಾಗಿದ್ದೆ, ಅದರ ಮೇಲಿನ ವಿದ್ವತ್ ಪರೀಕ್ಷೆಗೆ ಕಟ್ಟಲಿಲ್ಲ. ಈಗ ನೆರೆಮನೆಯವರು ತಮ್ಮ ಇಬ್ಬರು ಮಕ್ಕಳಿಗೆ ಶನಿವಾರ, ಆದಿತ್ಯವಾರ ಪಾಠ ಹೇಳಿ ಎನ್ನುತ್ತಿದ್ದಾರೆ. ಆಸೆ ಇದೆ. ಆದರೆ ಒಂದು ದಿನವೂ ಪಾಠ ಮಾಡಿದವಳಲ್ಲ. ತಪ್ಪು ಕಲಿಸಿಬಿಟ್ಟರೆ? ನನ್ನ ಟೀಚರ್ ಏನೆಂದುಕೊಂಡಾರು? ದುಡ್ಡು ಕೇಳುವುದು ಹೇಗೆ? ಮಕ್ಕಳು ಓದುವುದು ಬೇರೆ ಮಲಯಾಳ ಮಾಧ್ಯಮದಲ್ಲಿ.
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಟೀಚರ್ ಮನೆಗೆ ಹೋಗಿ ಬನ್ನಿ. ಫೋನ್ ಬೇಡ. ವಿಷಯ ಹೇಳಿ, ಆಶೀರ್ವಾದ ಕೇಳಿ. ಜೊತೆಗೆ ಇನ್ನೊಂದನ್ನೂ ಕೇಳಿ: ಅವರ ಸಣ್ಣ ಮಕ್ಕಳ ಕ್ಲಾಸಿನಲ್ಲಿ ಹಿಂದಿನ ಸಾಲಲ್ಲಿ ಎರಡು ವಾರ ಕೂತು ನೋಡಲು ಬಿಡುತ್ತಾರಾ ಅಂತ. ಈ ಸಲ ಹಾಡನ್ನು ಕೇಳಬೇಡಿ, ಟೀಚರನ್ನು ನೋಡಿ. ಮಗುವನ್ನು ಎಲ್ಲಿ ತಡೆಯುತ್ತಾರೆ, ಯಾವ ತಪ್ಪನ್ನು ಕಂಡೂ ಕಾಣದಂತೆ ಬಿಡುತ್ತಾರೆ? ನೀವು ಕಲಿಯಬೇಕಾದ್ದು ಅದು. ಶುರುವಿನ ಸ್ವರಪಾಠಗಳಾದ ಸರಳೆ, ಜಂಟಿ ನಿಮಗೆ ಬರುತ್ತದಲ್ವಾ? ಮೊದಲ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಸಂಗೀತ ಬೇಕಾಗುವುದಿಲ್ಲ.

ತಪ್ಪು ಎಲ್ಲಿ ಬರುತ್ತದೆ ಅಂತ ಹೇಳುತ್ತೇನೆ. ಸರಳೆ ಕಲಿಸುವ ಮಾಯಾಮಾಳವಗೌಳ ರಾಗದಲ್ಲಿ ರಿ, ಸ ಪಕ್ಕದಲ್ಲೇ ಅಂಟಿಕೊಂಡಿದೆ. ಅಲ್ಲಿಂದ ಗ ದೂರ. ಮಕ್ಕಳು ಮೆಟ್ಟಿಲುಗಳನ್ನೆಲ್ಲ ಒಂದೇ ಎತ್ತರ ಮಾಡಿಕೊಂಡು ರಿಯನ್ನು ಮೇಲೆ ಎತ್ತಿಬಿಡುತ್ತಾರೆ. ಆಗ ಪೂರ್ತಿ ಸರಳೆ ಮತ್ತೆ ಹಾಡಿಸಬೇಡಿ. ಸ ರಿ, ಸ ರಿ, ಅಷ್ಟನ್ನೇ ನಿಧಾನ ಹೇಳಿಸಿ. ಇನ್ನೊಂದು ತಪ್ಪು ಎರಡನೇ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ. ಸ್ವರ ಇಮ್ಮಡಿ ಆದ ಕೂಡಲೇ ಮಗುವಿನ ಕೈಯೂ ಓಡತೊಡಗುತ್ತದೆ. ಆದಿ ತಾಳದ 8 ಎಣಿಕೆ ಹಾಗೇ ಇರಬೇಕು, ಒಂದೊಂದು ಎಣಿಕೆಗೆ ಎರಡೆರಡು ಸ್ವರ. ಮೊದಲು ಬರೀ ತಾಳ ಹಾಕಿಸಿ, ನೀವು ಒಂದನೇ ಕಾಲ, ಎರಡನೇ ಕಾಲ ಬದಲಿಸುತ್ತಾ ಹಾಡಿ. ಕೈ ಅಲುಗಾಡದೆ ನಿಂತರೆ ಆಮೇಲೆ ಬಾಯಿ.

ನಾನು ಪಾಠ ಶುರುಮಾಡಿದ ಹೊಸತರಲ್ಲಿ ಮಕ್ಕಳ ಜೊತೆ ಇಡೀ ಗಂಟೆ ಹಾಡುತ್ತಿದ್ದೆ. ಚೆನ್ನಾಗಿ ಬರುತ್ತಿದೆ ಅಂತ ಖುಷಿ. ಒಂದು ದಿನ ಗಂಟಲು ಕಟ್ಟಿತು, ಸುಮ್ನೆ ಕೂತೆ. ನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಮೂರನೇ ಸರಳೆ ದಾಟಲಾಗಲಿಲ್ಲ! ಅಷ್ಟು ದಿನ ಹಾಡಿದ್ದು ನಾನೊಬ್ಬಳೇ. ನೀವು ಒಮ್ಮೆ ಹಾಡಿ, ನಿಲ್ಲಿಸಿ, ಕೇಳಿ.

ನಿಮ್ಮ ಶ್ರುತಿ, ಅಂದರೆ ನೀವು ಸ ಹಿಡಿಯುವ ಎತ್ತರ, ಮಕ್ಕಳಿಗೂ ಒಗ್ಗುತ್ತದೆ ಅಂತಿಲ್ಲ. ಕೆಳಗಿನ ಸ ಬರೀ ಗಾಳಿಯಾಗದ, ಮೇಲಿನ ಸ ಕಿರುಚಾಟವಾಗದ ಶ್ರುತಿ ಹುಡುಕಿ. ಮೊಬೈಲಿನ ಶ್ರುತಿ ಆ್ಯಪ್ ಸಾಕು.

ಮಲಯಾಳದ ಚಿಂತೆ ಬಿಡಿ. ಸ್ವರಕ್ಕೆ ಲಿಪಿಯ ಹಂಗಿಲ್ಲ, ಅವರ ಪುಸ್ತಕದಲ್ಲಿ ಅವರ ಅಕ್ಷರದಲ್ಲೇ ಬರೆದುಕೊಳ್ಳಲಿ. ದೇವರನಾಮಕ್ಕೆ ಬಂದಾಗ ಮಾತ್ರ ಸಾಲಿನ ಅರ್ಥ ಹೇಳಿ, ಉಚ್ಚಾರ ತಿದ್ದಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಕಿವಿಗೆ ಒಳ್ಳೆ ಕನ್ನಡ ಬೀಳುವುದೇ ಆ ಹೊತ್ತಿನಲ್ಲಿ.

ಇನ್ನು ದುಡ್ಡು. ಧರ್ಮಕ್ಕೆ ಬೇಡ. ಧರ್ಮದ ಪಾಠಕ್ಕೆ ನೆಂಟರ ಮನೆಯ ಪೂಜೆ, ಮಳೆ, ಟ್ಯೂಷನ್ ಎಲ್ಲವೂ ಅಡ್ಡ ಬರುತ್ತವೆ. ನಿಮ್ಮ ಊರಿನಲ್ಲಿ ಬೇರೆಯವರು ಎಷ್ಟು ತೆಗೆದುಕೊಳ್ಳುತ್ತಾರೆ ವಿಚಾರಿಸಿ, ಸ್ವಲ್ಪ ಕಡಿಮೆ ಇಡಿ. ತಿಂಗಳ ಮೊದಲ ವಾರ ಕೊಡಬೇಕು, ಮಗು ತಪ್ಪಿಸಿದ ಕ್ಲಾಸಿಗೆ ಕಡಿತ ಇಲ್ಲ, ನೀವು ತಪ್ಪಿಸಿದ್ದನ್ನು ಇನ್ನೊಂದು ದಿನ ಮಾಡಿಕೊಡುತ್ತೀರಿ. ಇಷ್ಟನ್ನು ಮೊದಲ ದಿನವೇ ನಗುತ್ತಾ ಹೇಳಿಬಿಡಿ. ಲೆಕ್ಕ ಬರೆಯುವವರಿಗೆ ನಾನು ಹೇಳಬೇಕೇ! ನೆರೆಮನೆಯವರು ಪ್ರೀತಿಯಿಂದ ಬಾಳೆಗೊನೆ ತಂದುಕೊಟ್ಟರೆ ತೆಗೆದುಕೊಳ್ಳಿ. ಫೀಸಿನಲ್ಲಿ ಮಾತ್ರ ವಜಾ ಮಾಡಬೇಡಿ.