ಮೂಲ ಕಡತ ಕೊಡಬೇಡಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ಅದರ ಕೊನೆಯ ಸಾಲಿಗಾಗಿ.

11 ವರ್ಷಗಳಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುತ್ತಿದ್ದೀರಿ. ಇನ್ನು ಮುಂದೆ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯೇ ಕೊಡುತ್ತದೆ, ನೀವು ತಪ್ಪು ತಿದ್ದಿದರೆ ಸಾಕು, ಸಂಭಾವನೆ ಹಿಂದಿನದರ ಮೂರರಲ್ಲೊಂದು ಪಾಲು ಎನ್ನುತ್ತಿದ್ದಾರೆ ಪ್ರಕಾಶಕರು. ಒಪ್ಪಲು ಮನಸ್ಸಿಲ್ಲ, ಬಿಟ್ಟರೆ ಮನೆ ನಡೆಯದು. ‘ಕಾಲಕ್ಕೆ ತಕ್ಕಂತೆ ಬದಲಾಗಬೇಕಪ್ಪ’ ಎಂದು ನಿಮ್ಮ ಭಾವ ಬಂದಾಗಲೆಲ್ಲ ಬುದ್ಧಿ ಹೇಳಿ ಹೋಗುತ್ತಾರೆ. ಇಷ್ಟನ್ನೆಲ್ಲ ಎರಡು ಪುಟ ತುಂಬಿಸಿ, ಸಹಿಗೆ ಮುನ್ನ ಹೀಗೆ ಸೇರಿಸಿದ್ದೀರಿ: ‘ಅಂದ ಹಾಗೆ, ಹಳೆಯ ಚಿತ್ರಗಳ ಮೂಲ ಕಡತಗಳನ್ನೂ ಕೇಳಿದ್ದಾರೆ. ಈ ವಾರ ಕಳುಹಿಸಬೇಕು.’

ಅಂದ ಹಾಗೆ ಎಂದು ಹೇಳಿ ಮುಗಿಸುವ ಮಾತೇ ಇದು?

ಅಚ್ಚಾದ ಚಿತ್ರ ಅವರ ಬಳಿ ಇದ್ದೇ ಇದೆ. ಮೂಲ ಕಡತದಲ್ಲಿ ಪದರ ಪದರವಾಗಿ ನಿಮ್ಮ ಕೈಯಿದೆ: ಮೊದಲ ಪೆನ್ಸಿಲ್ ಗೆರೆ, ಬೇಡವೆಂದು ಮರೆಮಾಡಿದ ಮುಖಗಳು, ನೆರಳಿಗೊಂದು ಪದರ, ಬಣ್ಣಕ್ಕೊಂದು. ಅದನ್ನು ಯಂತ್ರಕ್ಕೆ ನಿಮ್ಮ ಶೈಲಿ ಕಲಿಸಲು ಕೇಳುತ್ತಿದ್ದಾರೋ, ಬೇರೆ ಕೆಲಸಕ್ಕೋ? ನೀವು ವಿಚಾರಿಸಿಯೇ ಇಲ್ಲ.

ಇನ್ನು ಆ ‘ತಿದ್ದುವ’ ಕೆಲಸ. ಯಂತ್ರ ಕೊಟ್ಟ ಅಜ್ಜಿಯ ಕೈಯಲ್ಲಿ ಆರು ಬೆರಳು. ಒಂದನ್ನು ಅಳಿಸಿದರೆ ಉಳಿದವು ಪುಸ್ತಕವನ್ನು ಹಿಡಿಯಲೊಲ್ಲವು. ಕೊನೆಗೆ ಇಡೀ ತೋಳನ್ನೇ ಹೊಸದಾಗಿ ಬಿಡಿಸಿದಿರಿ, ನಾಲ್ಕು ಗಂಟೆ ಹಿಡಿಯಿತು. ಚಿತ್ರ ಬಿಡಿಸುವುದೆಂದರೆ ಇದೇ. 2023ರಲ್ಲಿ ಅಮೆರಿಕದ ಸಿನಿಮಾ, ಟಿವಿ ಬರಹಗಾರರು 148 ದಿನ ಮುಷ್ಕರ ಹೂಡಿದಾಗ ಅವರಿಗಿದ್ದ ಭಯಗಳಲ್ಲಿ ಇದೂ ಒಂದು: ಯಂತ್ರದ ಕರಡನ್ನು ಕೈಗಿಟ್ಟು, ತಿದ್ದಿದ ಕೂಲಿ ಮಾತ್ರ ಕೊಟ್ಟುಬಿಟ್ಟರೆ? ಕೊಡುವ ಬರಹ ಯಂತ್ರದ್ದಾದರೆ ಅದನ್ನು ತಿಳಿಸಲೇಬೇಕು ಎಂದು ಒಪ್ಪಂದದಲ್ಲಿ ಬರೆಸಿಕೊಂಡೇ ಅವರು ಕೆಲಸಕ್ಕೆ ಮರಳಿದರು. ಅವರ ಹಿಂದೆ ಸಂಘವಿತ್ತು. ನಿಮ್ಮ ಹಿಂದೆ ಯಾರೂ ಇಲ್ಲ, ಆದರೆ ಕಡತಗಳು ಇನ್ನೂ ನಿಮ್ಮಲ್ಲೇ ಇವೆ.

ಪ್ರಕಾಶಕರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಖರ್ಚು ಇಳಿಸಲು ನೋಡುವುದು ವ್ಯಾಪಾರದ ಗುಣ. ಸಿಟ್ಟು ನಿಮ್ಮ ಭಾವನ ಮೇಲೆ. ತಿಂಗಳು ತಿಂಗಳು ಸಂಬಳ ಎಣಿಸುವವರು ಇನ್ನೊಬ್ಬರ ದುಡಿಮೆ ಮೂರರಲ್ಲೊಂದಕ್ಕೆ ಇಳಿದಾಗ ‘ಬದಲಾಗು’ ಎನ್ನುವುದು ಕ್ರೌರ್ಯ. ಬದಲಾವಣೆಯ ಖರ್ಚನ್ನು ಯಾರು ಹೊರಬೇಕು ಎಂದು ಅವರನ್ನು ಕೇಳಿ.

ಕಡಿಮೆ ಸಂಭಾವನೆಗೆ ಸದ್ಯ ಒಪ್ಪಿಕೊಂಡರೂ ನಾನು ನಿಮ್ಮನ್ನು ದೂರುವುದಿಲ್ಲ, ಬಾಡಿಗೆ ಕಟ್ಟಬೇಕು. ಕಡತದ ಮಾತು ಬೇರೆ. ಕೆಲಸದ ಮಾತು ಕಾಗದದ ಮೇಲಿರಬೇಕು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ. ಹಳೆಯ ಒಪ್ಪಂದಪತ್ರದಲ್ಲಿ ಮೂಲ ಕಡತದ ಪ್ರಸ್ತಾಪ ಇದೆಯೇ ನೋಡಿ. ಇದ್ದರೆ ವಕೀಲರಿಗೆ ತೋರಿಸಿ. ಏತಕ್ಕೆ ಬೇಕು, ಯಂತ್ರಕ್ಕೆ ಉಣಿಸುತ್ತೀರಾ, ಅದಕ್ಕೆ ಪ್ರತ್ಯೇಕವಾಗಿ ಎಷ್ಟು ಕೊಡುತ್ತೀರಿ ಎಂದು ಪ್ರಕಾಶಕರಿಗೆ ಇವತ್ತೇ ಪತ್ರ ಬರೆಯಿರಿ. ಲಿಖಿತ ಉತ್ತರ ಬರುವ ತನಕ ಒಂದೇ ಒಂದು ಕಡತವನ್ನೂ ಕಳುಹಿಸಬೇಡಿ.