ಮೂಗು ಮುಟ್ಟಿಸಿ ನೋಡುವುದು ಯಾಕೆ?

ಓದುಗರ ಪತ್ರ: ನಮ್ಮ ತಂದೆಗೆ 58 ವರ್ಷ. ಒಂದೂವರೆ ವರ್ಷದಿಂದ ನಡೆಯುವಾಗ ತೂರಾಡುತ್ತಾರೆ, ಮಾತು ಎಳೆದೆಳೆದು ಬರುತ್ತದೆ. ಕುಡಿತದ ಅಭ್ಯಾಸವೇ ಇಲ್ಲ, ಆದರೂ ನೋಡಿದವರು ಹಾಗೇ ಅಂದುಕೊಳ್ಳುತ್ತಾರೆ. ಸಿಟಿ ಸ್ಕ್ಯಾನ್ ನಾರ್ಮಲ್. ಈಗಿನ ಡಾಕ್ಟರು ಮೂಗು ಮುಟ್ಟಿಸಿ, ಗೆರೆ ಮೇಲೆ ನಡೆಸಿ, ‘ಇದು ಅಟ್ಯಾಕ್ಸಿಯಾ, ಕಿರುಮೆದುಳಿನ ತೊಂದರೆ’ ಎಂದರು. ಈ ಮಕ್ಕಳಾಟದಿಂದ ಏನು ಗೊತ್ತಾಗುತ್ತದೆ? ನನಗೂ ನನ್ನ ಮಕ್ಕಳಿಗೂ ಇದು ಬರುತ್ತದಾ?

ಸಂಪಾದಕರ ಉತ್ತರ: ಆ ಡಾಕ್ಟರು ಸರಿಯಾಗಿಯೇ ನೋಡಿದ್ದಾರೆ. ಅಟ್ಯಾಕ್ಸಿಯಾ ಎಂದರೆ ಚಲನೆಯ ಮೇಲಿನ ಹಿಡಿತ ತಪ್ಪುವುದು. ಸಿಟಿ ನಾರ್ಮಲ್ ಬಂದ ಮಾತ್ರಕ್ಕೆ ಕಿರುಮೆದುಳು ಚೆನ್ನಾಗಿದೆ ಎಂದಲ್ಲ. ಅದಿರುವುದು ತಲೆಯ ಹಿಂಭಾಗದಲ್ಲಿ, ದಪ್ಪ ಮೂಳೆಗಳ ನಡುವೆ. ಸಿಟಿಯಲ್ಲಿ ಆ ಜಾಗ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಎಂಆರ್‌ಐ ಬೇಕು. ಕೆಲವು ಸಲ ಶುರುವಿನಲ್ಲಿ ಅದೂ ಏನೂ ತೋರಿಸುವುದಿಲ್ಲ.

ಕೈ ಎಷ್ಟು ದೂರ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ತಿದ್ದುವುದು ಕಿರುಮೆದುಳಿನ ಕೆಲಸ. ಅದು ಕೆಟ್ಟರೆ ಕೈಕಾಲಿನಲ್ಲಿ ಶಕ್ತಿ ಇರುತ್ತದೆ, ಹಿಡಿತ ಇರುವುದಿಲ್ಲ. ಮೂಗಿನಿಂದ ಡಾಕ್ಟರ ಬೆರಳಿಗೆ ಕೈ ಒಯ್ಯುವಾಗ ಗುರಿ ತಪ್ಪುತ್ತದೆ, ಹತ್ತಿರ ಬಂದಂತೆಲ್ಲ ನಡುಕ ಜಾಸ್ತಿಯಾಗುತ್ತದೆ. ಪಾರ್ಕಿನ್ಸನ್ ನಡುಕ ಇದಕ್ಕೆ ಉಲ್ಟಾ, ಕೈ ಸುಮ್ನೆ ಇದ್ದಾಗಲೇ ಎದ್ದು ಕಾಣುತ್ತದೆ. ಅಂಗೈ ಬೇಗ ಬೇಗ ತಿರುವಿ ತೊಡೆ ತಟ್ಟಲು ಹೇಳಿದರೆ ತಾಳ ತಪ್ಪುತ್ತದೆ. ಬಲಗೈ ಎಡವಿದರೆ ತೊಂದರೆ ಸಾಮಾನ್ಯವಾಗಿ ಕಿರುಮೆದುಳಿನ ಬಲಭಾಗದಲ್ಲೇ ಇರುತ್ತದೆ, ದೊಡ್ಡ ಮೆದುಳಿನ ಹಾಗೆ ಅದಲುಬದಲಲ್ಲ. ಮೊದಲ ಮಹಾಯುದ್ಧದಲ್ಲಿ ಕಿರುಮೆದುಳಿಗೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿ, 1917ರಲ್ಲಿ ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಇವನ್ನೆಲ್ಲ ವಿವರವಾಗಿ ಬರೆದಿಟ್ಟರು. ಇಂದಿಗೂ ಡಾಕ್ಟರುಗಳು ನೋಡುವುದು ಹೆಚ್ಚುಕಡಿಮೆ ಅದನ್ನೇ.

ನಡೆಸುವುದಂತೂ ಬಿಡಲೇಬಾರದು. ಕಿರುಮೆದುಳಿನ ನಡುಭಾಗ ಮಾತ್ರ ಕೆಟ್ಟಿದ್ದರೆ, ಮಲಗಿಸಿ ಪರೀಕ್ಷಿಸಿದಾಗ ಕೈಕಾಲು ಸರಿಯಾಗೇ ಇರಬಹುದು. ಎದ್ದು ನಿಂತಾಗಲೇ ಗುಟ್ಟು ಬಯಲಾಗುವುದು.

ಕಣ್ಣು ಮುಚ್ಚಿಸಿ ನಿಲ್ಲಿಸಿರಬೇಕು, ಅಲ್ವಾ? ಕಣ್ಣು ತೆರೆದಾಗ ಗಟ್ಟಿಯಾಗಿ ನಿಂತವರು ಮುಚ್ಚಿದ ಕೂಡಲೇ ವಾಲಿದರೆ, ಕಾಲಿನ ನರ ಅಥವಾ ಬೆನ್ನುಹುರಿಯ ಮೇಲೆ ಅನುಮಾನ. ಬಿ12 ಕೊರತೆಯಲ್ಲಿ ಹೀಗಾಗುತ್ತದೆ. ಕಿರುಮೆದುಳಿನ ತೊಂದರೆಯವರು ಕಣ್ಣು ತೆರೆದಿದ್ದಾಗಲೂ ತೂಗಾಡುತ್ತಾರೆ. ಇದನ್ನೆಲ್ಲ ಅಂಕಗಳಲ್ಲಿ ಬರೆದಿಡಲು ‘ಸಾರಾ’ ಎಂಬ ಮಾಪನವಿದೆ. ಒಟ್ಟು 8 ಪರೀಕ್ಷೆ, 0ಯಿಂದ 40ರವರೆಗೆ ಅಂಕ. ಇಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಮುಂದಿನ ಸಲ ಹೋದಾಗ ಹೋಲಿಸಲು ಬೇಕಾಗುತ್ತದೆ, ಬರೆಸಿಕೊಂಡಿರಿ.

ಇನ್ನು ಕಾರಣ. ನನ್ನ ಪ್ರಕಾರ ಯಾವ ಸ್ಕ್ಯಾನಿಗಿಂತಲೂ ಮೊದಲು ಕೇಳಬೇಕಾದ್ದು, ‘ಎಷ್ಟು ಬೇಗ ಶುರುವಾಯಿತು?’ ನಿಮಿಷಗಳಲ್ಲಿ ಬಂದರೆ ಪಾರ್ಶ್ವವಾಯು ಅಥವಾ ರಕ್ತಸ್ರಾವ. ಆಗ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಬೇಕು. ವಾರಗಳಲ್ಲಿ ಬಿಗಡಾಯಿಸಿದರೆ ಸೋಂಕು, ಬಿ1 ಕೊರತೆ, ಇಲ್ಲವೇ ದೇಹದಲ್ಲಿ ಬೇರೆಲ್ಲೋ ಅಡಗಿದ ಕ್ಯಾನ್ಸರ್ ಎಬ್ಬಿಸಿದ, ಕಿರುಮೆದುಳಿನ ಮೇಲೇ ತಿರುಗಿಬಿದ್ದ ರೋಗನಿರೋಧಕ ಶಕ್ತಿ. ನಿಮ್ಮ ತಂದೆಯವರ ಹಾಗೆ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದದ್ದಕ್ಕೆ ಪಟ್ಟಿ ಬೇರೆ. ಮೊದಲು ಅವರ ಮಾತ್ರೆಗಳನ್ನೆಲ್ಲ ಡಾಕ್ಟರ ಮುಂದೆ ಇಡಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಮನೋರೋಗಕ್ಕೆ ಕೊಡುವ ಲಿಥಿಯಂ ಹೀಗೆ ಮಾಡಬಲ್ಲವು. ಹಾಗಂತ ನೀವೇ ನಿಲ್ಲಿಸಬೇಡಿ. ಥೈರಾಯ್ಡ್, ಬಿ12, ವಿಟಮಿನ್ ಇ, ಗೋಧಿಯಲ್ಲಿರುವ ಗ್ಲುಟನ್‌ಗೆ ಪ್ರತಿಕಾಯ (ಆಂಟಿಬಾಡಿ), ಇಷ್ಟನ್ನು ರಕ್ತದಲ್ಲಿ ನೋಡಲೇಬೇಕು. ಕಾಯಿಲೆ ಅಪರೂಪವಾದರೂ ಚಿಕಿತ್ಸೆ ಇರುವ ಕಾರಣಗಳನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು. ಮಲಗಿದಾಗ ಮತ್ತು ನಿಂತಾಗ ಬಿಪಿ ಅಳೆಸಿ. ನಿಂತ ಮೇಲೆ ತುಂಬಾ ಇಳಿದರೆ, ಮೂತ್ರದ ತೊಂದರೆಯೂ ಇದ್ದರೆ, ಮೆದುಳಿನ ಹಲವು ಭಾಗಗಳು ಸವೆಯುವ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ ಎಂಬ ಕಾಯಿಲೆಯ ಕಡೆ ಯೋಚಿಸಬೇಕಾಗುತ್ತದೆ.

ನಿಮಗೂ ಬರುತ್ತದಾ? ಕಾರಣ ಗೊತ್ತಾಗುವವರೆಗೆ ಹೇಳಲಾಗದು. ವಂಶದಲ್ಲಿ ಬರುವ ಸ್ಪೈನೋಸೆರೆಬೆಲ್ಲರ್ ಅಟ್ಯಾಕ್ಸಿಯಾ ಆಗಿದ್ದರೆ ಕಾಯಿಲೆ ಇರುವವರ ಪ್ರತಿ ಮಗುವಿಗೂ ಸಾಧ್ಯತೆ ಶೇ. 50. ವಂಶದಲ್ಲಿ ಬರುವ ಇನ್ನೊಂದು ಬಗೆಯಾದ ಫ್ರೀಡ್ರೈಕ್ ಅಟ್ಯಾಕ್ಸಿಯಾಗೆ ತಂದೆತಾಯಿ ಇಬ್ಬರ ಕಡೆಯಿಂದಲೂ ದೋಷದ ಜೀನ್ ಬರಬೇಕು. ಅದು ಸಾಮಾನ್ಯವಾಗಿ 25ರ ಒಳಗೇ ಶುರುವಾಗುತ್ತದೆ, ಹಾಗಾಗಿ ಇಲ್ಲಿ ಅನುಮಾನ ಕಡಿಮೆ. ಮೊದಲು ತಂದೆಯವರ ಪರೀಕ್ಷೆ ಮುಗಿಯಲಿ. ಜೀನ್ ದೋಷ ಸಿಕ್ಕರೆ, ನೀವು ಪರೀಕ್ಷೆ ಮಾಡಿಸಿಕೊಳ್ಳುವ ಮುನ್ನ ಆನುವಂಶಿಕ ಸಲಹೆಗಾರರ ಜೊತೆ ಕೂತು ಮಾತಾಡಿ. ತಿಳಿದುಕೊಳ್ಳುವುದು ಬೇಡ ಅನಿಸಿದರೆ ಅದೂ ನಿಮ್ಮ ಹಕ್ಕು. ಆರೋಗ್ಯವಾಗಿರುವ ಮಕ್ಕಳ ರಕ್ತವನ್ನು ಮಾತ್ರ ಈಗಲೇ ಕಳಿಸಬೇಡಿ. ದೊಡ್ಡವರಾದ ಮೇಲೆ ಅವರೇ ತೀರ್ಮಾನಿಸಲಿ ಎನ್ನುವುದು ತಜ್ಞರ ಸಾಮಾನ್ಯ ನಿಲುವು.