ಓದುಗರ ಪ್ರಶ್ನೆ: ನಮ್ಮ ಕ್ಲಾಸಿಗೆ ಇನ್ನೊಬ್ಬ ಲೆಕ್ಚರರ್ ಬಂದು ಕೂತರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜಿನ ಪಾಠದ ಬಗ್ಗೆ. ಅದಕ್ಕೇ ಇಡೀ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಗೆಸ್ಟ್ ಲೆಕ್ಚರರ್. ಈ ಸೆಮಿಸ್ಟರಿನಿಂದ ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗಿ ಕೂತು ನೋಡಬೇಕು, ಫಾರ್ಮ್ ತುಂಬಿ ಕೊಡಬೇಕು ಎಂದಿದ್ದಾರೆ. ನನಗೆ ಭಯವಾಗುತ್ತಿದೆ. ಬರುವ ವರ್ಷ ನನ್ನನ್ನು ಕೈಬಿಡಲು ಇದೊಂದು ದಾರಿ ಆಗಬಹುದಾ ಸರ್? ಒಪ್ಪಬೇಕಾ, ಬೇಡವಾ?
(ಹೆಸರು ಬೇಡ, ಕಾಸರಗೋಡು ತಾಲೂಕು)

ಉತ್ತರ: ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಕೆಲಸ ಖಾಯಂ ಇಲ್ಲದವರಿಗೆ ಯಾರು ಕಾಗದ ಹಿಡಿದು ಬಂದು ಕೂತರೂ ಎದೆ ಹೊಡೆದುಕೊಳ್ಳುತ್ತದೆ. ಮೊದಲು ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಆ ಫಾರ್ಮ್ ಎಲ್ಲಿಗೆ ಹೋಗುತ್ತದೆ? ಪ್ರಿನ್ಸಿಪಾಲರ ಫೈಲಿಗೆ ಹೋಗುವುದಾದರೆ ಅದು ಪರೀಕ್ಷೆ. ನಿಮ್ಮ ಕೈಯಲ್ಲೇ ಉಳಿಯುವುದಾದರೆ ಅದು ಸಹಾಯ. ಎರಡೂ ಬೇರೆ ಬೇರೆ ಕೆಲಸ, ಎರಡನ್ನೂ ಒಂದೇ ಹಾಳೆಯಲ್ಲಿ ಮಾಡಲು ಹೊರಟರೆ ಎರಡೂ ಕೆಡುತ್ತವೆ. ಯಾಕೆಂದರೆ ಫೈಲಿಗೆ ಹೋಗುತ್ತದೆ ಎಂದು ಗೊತ್ತಾದ ಕೂಡಲೇ ನೀವು ಆ ದಿನಕ್ಕೆ ಅತ್ಯಂತ ಸುಲಭದ ಪಾಠ ಇಟ್ಟುಕೊಳ್ಳುತ್ತೀರಿ, ಬಂದವರೂ ಸ್ನೇಹ ಕೆಡಬಾರದು ಎಂದು ಎಲ್ಲದಕ್ಕೂ 'ತುಂಬಾ ಚೆನ್ನಾಗಿದೆ' ಎಂದು ಟಿಕ್ ಹಾಕಿ ಹೋಗುತ್ತಾರೆ, ಮಕ್ಕಳಿಗೆ ಏನೂ ಸಿಗುವುದಿಲ್ಲ. ಹಾಗಾಗಿ ವಿಭಾಗದ ಸಭೆಯಲ್ಲಿ ನೇರವಾಗಿ ಕೇಳಿ: ಇಂತಿಂಥವರು ಇಂಥ ದಿನ ಕ್ಲಾಸ್ ನೋಡಿದರು ಎಂಬುದಷ್ಟೇ ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಒಳಗಿನ ಸಮಿತಿ) ದಾಖಲೆಗೆ ಹೋಗಲಿ, ಒಳಗಿನ ಮಾತು ನಮ್ಮಿಬ್ಬರ ನಡುವೆ ಇರಲಿ. ಇದಕ್ಕೆ ಒಪ್ಪಿದರೆ ಧೈರ್ಯವಾಗಿ ಹೂಂ ಅನ್ನಿ. ಹಿರಿಯ ಪ್ರೊಫೆಸರರ ಕ್ಲಾಸಿಗೂ ನೀವು ಹೋಗಿ ಕೂರುವಂತಿರಬೇಕು ಎಂಬುದನ್ನೂ ಸೇರಿಸಿ. ಗೆಸ್ಟ್ ಲೆಕ್ಚರರುಗಳನ್ನು ಮಾತ್ರ ನೋಡುವುದಾದರೆ ಅದಕ್ಕೆ ಸಹೋದ್ಯೋಗಿಗಳ ವಿಮರ್ಶೆ ಎನ್ನುವ ಹೆಸರು ಒಪ್ಪುವುದಿಲ್ಲ.

ಇನ್ನು ನೋಡುವುದು ಹೇಗೆ? ಹಿಂದಿನ ದಿನ ಹತ್ತು ನಿಮಿಷ ಕೂತು ಮಾತಾಡಿ. ನಾಳೆ ಯಾವ ಪಾಠ, ನನಗೆ ಎಲ್ಲಿ ಸಂಶಯ, ನೀವು ಏನನ್ನು ಗಮನಿಸಬೇಕು ಎಂದು ನೀವೇ ಹೇಳಿ. ಬಂದವರು ಹಿಂದಿನ ಬೆಂಚಿನಲ್ಲಿ ಕೂರಲಿ, ಹಾಳೆಯನ್ನು ಮೂರು ಭಾಗ ಮಾಡಲಿ: ಸಮಯ, ಟೀಚರ್ ಏನು ಮಾಡುತ್ತಿದ್ದಾರೆ, ಮಕ್ಕಳು ಏನು ಮಾಡುತ್ತಿದ್ದಾರೆ. ಅಭಿಪ್ರಾಯ ಬೇಡ, ಕಂಡದ್ದು ಮಾತ್ರ. ಹೀಗೆ:

10.10. ಬೋರ್ಡಿನಲ್ಲಿ ಬೇಡಿಕೆ ರೇಖೆ ಬರೆಯುತ್ತಿದ್ದಾರೆ. ಎಲ್ಲರೂ ಬರೆದುಕೊಳ್ಳುತ್ತಿದ್ದಾರೆ.
10.14. 'ಅರ್ಥ ಆಯ್ತಾ?' ಎಂದು ಕೇಳಿದರು. ಮುಂದಿನ ಬೆಂಚಿನ ಇಬ್ಬರು ತಲೆ ಆಡಿಸಿದರು. ಕೂಡಲೇ ಪಾಠ ಮುಂದಕ್ಕೆ ಹೋಯಿತು.
10.20. ಕಿಟಕಿ ಬದಿಯ ಮೂವರು ಪೆನ್ನು ಕೆಳಗಿಟ್ಟಿದ್ದಾರೆ. ಪಕ್ಕದವಳ ನೋಟ್ಸ್ ನೋಡುತ್ತಿದ್ದಾರೆ.

ಈ ಮೂರು ಸಾಲು ನೋಡಿ. ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದವರಿಗೆ ಆ ಮೂರು ಪೆನ್ನು ಕಾಣುವುದಕ್ಕೆ ಸಾಧ್ಯವೇ ಇರಲಿಲ್ಲ, ಅಲ್ವಾ? ಇದಕ್ಕೇ ಇನ್ನೊಂದು ಜೊತೆ ಕಣ್ಣು ಬೇಕಾಗುವುದು. 10.14ರದ್ದು ಕೂಡ ಎಲ್ಲ ಕಡೆ ಆಗುವ ಸಂಗತಿ. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು.

ಇದನ್ನೇ ಇನ್ನೂ ಕಟ್ಟುನಿಟ್ಟಾಗಿ ಮಾಡುವ ಕೋಪಸ್ ಎಂಬ ವಿಧಾನ 2013ರಲ್ಲಿ ಪ್ರಕಟವಾಯಿತು. ಅದನ್ನು ರೂಪಿಸಿದವರಲ್ಲಿ 2001ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಕೂಡ ಒಬ್ಬರು. ನೋಡುವವರು ಎರಡೆರಡು ನಿಮಿಷಕ್ಕೆ ಟೀಚರ್ ಏನು ಮಾಡಿದರು, ಮಕ್ಕಳು ಏನು ಮಾಡಿದರು ಎಂದು ಗುರುತು ಹಾಕುತ್ತಾ ಹೋಗುತ್ತಾರೆ. ಒಳ್ಳೆಯದು, ಕೆಟ್ಟದ್ದು ಎಂಬ ಕಾಲಮ್ಮೇ ಅದರಲ್ಲಿಲ್ಲ. ಒಂದೂವರೆ ಗಂಟೆ ತರಬೇತಿ ಸಾಕು ಅದಕ್ಕೆ. ನೊಬೆಲ್ ಪಡೆದ ವಿಜ್ಞಾನಿ ಕ್ಲಾಸ್‌ರೂಮಿನ ಹಿಂದಿನ ಬೆಂಚಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡದ್ದು ನನಗೆ ತುಂಬಾ ಗೌರವ ಹುಟ್ಟಿಸಿದ ಸಂಗತಿ.

ಪ್ರಶ್ನೆ: ನಾನು ಹತ್ತನೇ ತನಕ ಕನ್ನಡ ಮೀಡಿಯಂ. ಈಗ ಬಿಎಸ್ಸಿ. ಸರ್ ಇಂಗ್ಲಿಷಿನಲ್ಲಿ ಶುರು ಮಾಡಿ, ಕಷ್ಟದ ಜಾಗ ಬಂದಾಗ ಮಲಯಾಳಕ್ಕೆ ಹೋಗುತ್ತಾರೆ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಆದರೆ ಪಾಠದ ಮಲಯಾಳ ಬೇಗ ಬೇಗ ಹೇಳಿದರೆ ತಪ್ಪಿಹೋಗುತ್ತದೆ. ವರ್ಷದ ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ಕೊಡುತ್ತಾರೆ, ನಾವು ಎಲ್ಲದಕ್ಕೂ ನಾಲ್ಕು ಹಾಕುತ್ತೇವೆ. ಇದರಿಂದ ಏನಾದರೂ ಆಗುತ್ತದಾ?
(ಒಬ್ಬ ವಿದ್ಯಾರ್ಥಿನಿ, ಪೆರ್ಲ, ಕಾಸರಗೋಡು ಜಿಲ್ಲೆ)

ಉತ್ತರ: ತಂಗೀ, ಎಲ್ಲದಕ್ಕೂ ನಾಲ್ಕು ಹಾಕಿದರೆ ಏನೂ ಆಗುವುದಿಲ್ಲ. ಆದರೆ ತಪ್ಪು ನಿಮ್ಮದೊಂದೇ ಅಲ್ಲ. ವರ್ಷದ ಕೊನೆಗೆ ಬರುವ ಫಾರ್ಮ್ ನಿಮ್ಮ ಬ್ಯಾಚಿಗೆ ಉಪಯೋಗಕ್ಕೆ ಬರುವುದಿಲ್ಲ ಎಂದು ನಿಮಗೂ ಗೊತ್ತು, ಕೊಡುವವರಿಗೂ ಗೊತ್ತು. ಅಂಕಿಗಳ ಮೇಲೆ ಜಾಸ್ತಿ ಭರವಸೆ ಇಡಬಾರದು ಎನ್ನುವುದಕ್ಕೆ ಬೇರೆ ಕಾರಣವೂ ಇದೆ. 2017ರಲ್ಲಿ ಬಾಬ್ ಉಟ್ಲ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಮತ್ತೆ ಲೆಕ್ಕ ಮಾಡಿದಾಗ, ವಿದ್ಯಾರ್ಥಿಗಳು ಟೀಚರ್‌ಗೆ ಕೊಡುವ ಅಂಕಕ್ಕೂ ಅವರು ನಿಜವಾಗಿ ಕಲಿತದ್ದಕ್ಕೂ ಸಂಬಂಧವೇ ಇಲ್ಲ ಎನ್ನುವಷ್ಟು ಕಡಿಮೆ ಎಂದು ಕಂಡುಬಂತು. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರದ ಕ್ಲಾಸುಗಳಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಗುಂಪಿನಲ್ಲಿ ಕೂತು ತಾವೇ ಲೆಕ್ಕ ಬಿಡಿಸಿದ ಮಕ್ಕಳು ಜಾಸ್ತಿ ಕಲಿತಿದ್ದರು, ಆದರೆ ಚಂದದ ಲೆಕ್ಚರ್ ಕೇಳಿದಾಗಲೇ ಜಾಸ್ತಿ ಕಲಿತೆವು ಎಂದು ಅವರಿಗೆ ಅನಿಸಿತ್ತು. ಹಾಗಂತ ವಿದ್ಯಾರ್ಥಿಗಳ ಮಾತು ಬೇಡ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಕೇಳಿಸಲಿಲ್ಲ, ಎಲ್ಲಿ ಎಳೆ ತಪ್ಪಿತು, ಯಾವ ಭಾಷೆಯಲ್ಲಿ ಹೇಳಿದಾಗ ತಲೆಗೆ ಹೋಯಿತು ಎಂಬುದನ್ನು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ಹಾಗಾಗಿ ನಾಲ್ಕು ಹಾಕುವ ಬದಲು ಎರಡು ಸಾಲು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. 'ಇಂಥ ಪಾಠದಲ್ಲಿ ಸಮೀಕರಣದ ಅರ್ಥ ಹೇಳಿದ್ದು ಮಲಯಾಳದಲ್ಲಿ ಮಾತ್ರ, ಕನ್ನಡದಿಂದ ಬಂದ ನಾವು ಐದು ಜನ ಅಲ್ಲಿಂದ ಮುಂದೆ ಹಿಂಬಾಲಿಸಲು ಆಗಲಿಲ್ಲ, ಮುಖ್ಯ ಸಾಲನ್ನು ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಸಾಕು' ಎಂದು. ಸರ್ ಕೆಟ್ಟವರು ಎಂದು ಇದರಲ್ಲಿ ಎಲ್ಲೂ ಇಲ್ಲ. ಏನು ಮಾಡಿದರೆ ಸರಿಹೋಗುತ್ತದೆ ಎಂಬುದು ಇದೆ. ಸೆಮಿಸ್ಟರ್ ಅರ್ಧ ಆಗುವ ಮೊದಲೇ ಕೊಡಿ. ಹೇಳಲು ಸಂಕೋಚ ಅನಿಸಿದರೆ ಕನ್ನಡ ವಿಭಾಗದ ಟೀಚರ್ ಹತ್ತಿರ ಹೇಳಿ, ಅವರ ಮೂಲಕ ಹೋಗಲಿ.

ಉಪನ್ಯಾಸಕರಿಗೂ ಇಲ್ಲೇ ಒಂದು ಮಾತು. ಕಾಸರಗೋಡಿನಂಥ ಜಾಗದಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಮಕ್ಕಳು ನಿಮ್ಮೆದುರು ಕೂತಿರುತ್ತಾರೆ. ನಿಮ್ಮ ಕ್ಲಾಸ್ ನೋಡಲು ಕನ್ನಡ ಬಲ್ಲ ಸಹೋದ್ಯೋಗಿಯನ್ನು ಒಂದು ಸಲವಾದರೂ ಕರೆಯಿರಿ, ಆ ಮಕ್ಕಳ ಪಕ್ಕದಲ್ಲೇ ಕೂರಿಸಿ. ಮಕ್ಕಳು ಪುಸ್ತಕದಲ್ಲಿ ಏನು ಬರೆದುಕೊಂಡಿದ್ದಾರೆ ಎಂದು ನೋಡಿದರೆ ಅರ್ಧ ವಿಮರ್ಶೆ ಅಲ್ಲೇ ಮುಗಿಯುತ್ತದೆ. ಇದು ಭಾಷೆಯ ಜಗಳ ಎತ್ತುವ ಮಾತಲ್ಲ. ಆ ಹುಡುಗಿ ಪಾಸಾಗಬೇಕು, ಅರ್ಥ ಮಾಡಿಕೊಂಡೇ ಪಾಸಾಗಬೇಕು, ಅಷ್ಟೇ.

ಪ್ರಶ್ನೆ: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬರುತ್ತಾರಲ್ಲ, ಪೀರ್ ಟೀಮ್ (ಸಹೋದ್ಯೋಗಿಗಳ ತಂಡ) ಎಂದೇ ಕರೆಯುತ್ತಾರೆ. ಅವರು ನೋಡಿದ ಮೇಲೆ ಮತ್ತೆ ನಾವು ನಾವೇ ನೋಡಿಕೊಳ್ಳುವುದು ಯಾಕೆ?
(ನಿವೃತ್ತ ಪ್ರಾಧ್ಯಾಪಕರು, ಮಂಜೇಶ್ವರ)

ಉತ್ತರ: ನ್ಯಾಕ್ 1994ರಲ್ಲಿ ಶುರುವಾದದ್ದು, ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಅದು ಅಳೆಯುವುದು ಇಡೀ ಸಂಸ್ಥೆಯನ್ನು. ಸೋಮವಾರ ಎರಡನೇ ಪೀರಿಯಡ್ಡಿನಲ್ಲಿ ನಿಮ್ಮ ಪಾಠ ಹೇಗಿತ್ತು ಎಂದು ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಬಡ್ತಿಯ ಲೆಕ್ಕದಲ್ಲೂ ಇದೇ ಕತೆ ಸರ್. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಹಂಚಿದ ಕ್ಲಾಸುಗಳಲ್ಲಿ ಶೇಕಡಾ 80 ಅಥವಾ ಜಾಸ್ತಿ ತೆಗೆದುಕೊಂಡರೆ ಬೋಧನೆ 'ಉತ್ತಮ', 70ರಿಂದ 80ರ ಒಳಗೆ 'ತೃಪ್ತಿಕರ'. ಕ್ಲಾಸಿಗೆ ಹೋದರೋ ಇಲ್ಲವೋ ಎಂದು ಅದು ಕೇಳುತ್ತದೆ, ಹೋಗಿ ಏನು ಮಾಡಿದರು ಎಂದು ಕೇಳುವುದಿಲ್ಲ. ನಾವು ಒಂದು ಸಂಶೋಧನಾ ಲೇಖನ ಬರೆದರೆ ಪರಿಚಯವೇ ಇಲ್ಲದ ಇಬ್ಬರು ಸಾಲು ಸಾಲು ಓದಿ ತಪ್ಪು ತೋರಿಸುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದರೂ ಒಬ್ಬ ಸಹೋದ್ಯೋಗಿ ಒಂದು ದಿನ ಬಂದು ಕೇಳಿರುವುದಿಲ್ಲ. ಈ ಒಂಟಿತನವೇ ಬೋಧನೆಯ ದೊಡ್ಡ ತೊಂದರೆ ಎಂದು ಲೀ ಶುಲ್ಮನ್ ಎಂಬ ಶಿಕ್ಷಣ ತಜ್ಞರು 1993ರಲ್ಲೇ ಬರೆದಿದ್ದರು. ನನಗೂ ಅದು ನೂರಕ್ಕೆ ನೂರು ನಿಜ ಅನಿಸುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ಕನ್ನಡ ವಿಭಾಗಕ್ಕೆ ನಾನೊಬ್ಬನೇ. ನನ್ನ ಪಾಠ ಯಾರು ನೋಡಬೇಕು?
(ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ)

ಉತ್ತರ: ಇತಿಹಾಸದವರನ್ನೋ ಗಣಿತದವರನ್ನೋ ಕರೆಯಿರಿ. ಹಳಗನ್ನಡದ ಪದ್ಯದ ಅರ್ಥ ಸರಿಯಾ ತಪ್ಪಾ ಎಂದು ಅವರು ಹೇಳಲಾರರು, ಆದರೆ ಎಲ್ಲಿ ತಮಗೆ ಅರ್ಥವಾಗುವುದು ನಿಂತುಹೋಯಿತು ಎಂದು ಹೇಳಬಲ್ಲರು. ವಿಷಯ ಗೊತ್ತಿರುವವರು ನಿಮ್ಮ ಬಿಟ್ಟ ಜಾಗಗಳನ್ನು ತಾವೇ ತುಂಬಿಕೊಂಡು ಕೇಳುತ್ತಾರೆ, ಗೊತ್ತಿಲ್ಲದವರು ವಿದ್ಯಾರ್ಥಿಯ ಹಾಗೆ ಅಲ್ಲೇ ಎಡವುತ್ತಾರೆ. ವಿಷಯದ ಮಟ್ಟಿಗೆ ಬೇರೆ ಊರಿನ ಕನ್ನಡ ವಿಭಾಗದವರ ಸಹಾಯ ಪಡೆಯಿರಿ. ಅವರು ಅಷ್ಟು ದೂರ ಬರಬೇಕೆಂದಿಲ್ಲ. ನಿಮ್ಮ ಪ್ರಶ್ನೆಪತ್ರಿಕೆ, ಅಸೈನ್‌ಮೆಂಟ್, ನೀವು ತಿದ್ದಿದ ನಾಲ್ಕು ಉತ್ತರ ಪತ್ರಿಕೆಗಳನ್ನು ವಿದ್ಯಾರ್ಥಿಗಳ ಹೆಸರು ತೆಗೆದು ಕಳಿಸಿ. ಅವರದ್ದು ನೀವು ನೋಡಿ. ಐದು ಪ್ರಶ್ನೆಗಳಲ್ಲಿ ಐದೂ 'ವಿವರಿಸಿ' ಎಂದೇ ಇದ್ದರೆ ಅದು ಹೊರಗಿನವರ ಕಣ್ಣಿಗೆ ಮೊದಲು ಬೀಳುತ್ತದೆ.

ಪ್ರಶ್ನೆ: ನಾನು ಓದಿದ ಕಾಲೇಜಿನಲ್ಲೇ ಈಗ ಕೆಲಸ. ನನಗೆ ನೋಡಲು ಕೊಟ್ಟಿರುವುದು ನನ್ನ ಗುರುಗಳ ಕ್ಲಾಸ್. ಅವರು ಹಳೆಯ ನೋಟ್ಸನ್ನು ಡಿಕ್ಟೇಟ್ ಮಾಡುತ್ತಾರೆ. ಹೇಗೆ ಹೇಳಲಿ?
(ಕುಂಬಳೆ)

ಉತ್ತರ: ಮೊದಲು ಅವರನ್ನೇ ನಿಮ್ಮ ಕ್ಲಾಸಿಗೆ ಕರೆಯಿರಿ. 'ಸರ್, ನನ್ನ ಪಾಠ ಎಲ್ಲಿ ಸೋಲುತ್ತಿದೆ ಎಂದು ನೋಡಿ ಹೇಳಬೇಕು' ಎಂದು ಕೇಳಿದರೆ ಬೇಡ ಎನ್ನುವ ಮೇಷ್ಟ್ರು ಕಡಿಮೆ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಮುಂದಿನ ವಾರ ಮಾಡಿ, ಮಾಡಿದೆ ಎಂದು ತಿಳಿಸಿ. ಆಮೇಲೆ ಅವರ ಕ್ಲಾಸಿಗೆ ಹೋಗಿ.

ಹೇಳುವಾಗ 'ಡಿಕ್ಟೇಷನ್ ಬೇಡ ಸರ್' ಎಂದು ಶುರು ಮಾಡಬೇಡಿ. ಕಂಡದ್ದನ್ನು ಮುಂದಿಡಿ. 'ಸರ್, ನೀವು ನೋಟ್ಸ್ ಬಿಟ್ಟು ಬಂದರಿನ ಉದಾಹರಣೆ ಕೊಟ್ಟಾಗ ಎಲ್ಲರೂ ತಲೆ ಎತ್ತಿದರು, ಹಿಂದಿನ ಬೆಂಚಿನ ಹುಡುಗ ಪ್ರಶ್ನೆ ಕೂಡ ಕೇಳಿದ. ಮತ್ತೆ ಬರೆಸಲು ಶುರು ಮಾಡಿದಾಗ ತಲೆಗಳು ಕೆಳಗೆ ಹೋದವು. ನಿಮಗೆ ಹಾಗೆ ಕಂಡಿತಾ?' ಇಷ್ಟು ಕೇಳಿ ಸುಮ್ಮನಿರಿ. ಸಿಲೆಬಸ್ ಮುಗಿಯುವುದಿಲ್ಲ ಎಂದು ಅವರು ಹೇಳಬಹುದು, ಅದು ಖಂಡಿತ ನಿಜವಾದ ಕಷ್ಟ. ಆಗ ನೋಟ್ಸನ್ನು ಟೈಪ್ ಮಾಡಿ ಮೊದಲೇ ಮಕ್ಕಳಿಗೆ ಕೊಡುವ ಕೆಲಸ ನಾನು ಮಾಡಿಕೊಡುತ್ತೇನೆ ಎನ್ನಿ. ಬರೆಸುವುದಕ್ಕೆ ಹೋಗುತ್ತಿದ್ದ ಅರ್ಧ ಗಂಟೆ ಅವರಿಗೆ ಉಳಿಯುತ್ತದೆ, ಬಂದರಿನಂಥ ಉದಾಹರಣೆಗಳು ಅವರ ಹತ್ತಿರ ಇನ್ನೂ ಎಷ್ಟೋ ಇರುತ್ತವೆ. ಒಂದು ಸಲಕ್ಕೆ ಇದೊಂದೇ ವಿಷಯ ಸಾಕು. ಉಳಿದದ್ದಕ್ಕೆ ಮುಂದಿನ ಸೆಮಿಸ್ಟರ್ ಇದೆ.